ಹಾರ್ಡ್ ಡಿಸ್ಕಿಗೆ ನಾಲ್ಕೇ ಪಾರ್ಟಿಷನ್ ಅನ್ನೋದು ನಿಜಾನಾ?

ಬಳ್ಳಾರಿಯ ಫೋಟೋ ಸ್ಟುಡಿಯೋದವರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಕಂಪ್ಯೂಟರಿಗೆ ಎಷ್ಟೇ ಹಾರ್ಡ್ ಡಿಸ್ಕ್ ಹಾಕಿದರೂ ಒಟ್ಟು ನಾಲ್ಕೇ ಪಾರ್ಟಿಷನ್ (ಡಿಸ್ಕಿನಲ್ಲಿ ಮಾಡಿಕೊಳ್ಳುವ ಭಾಗ), ಐದನೆಯದು ಮಾಡಿದರೆ ಡೇಟಾ ಹೋಗುತ್ತದೆ ಅಂತ. ಇದು ತಪ್ಪು.

ನಾಲ್ಕರ ಮಿತಿ ಇರುವುದು ಹಳೆಯ ಎಂಬಿಆರ್ (ಪಾರ್ಟಿಷನ್ ಪಟ್ಟಿ ಬರೆದಿಡುವ ಹಳೆಯ ವಿಧಾನ) ಡಿಸ್ಕಿನಲ್ಲಿ, ಅದೂ ಆ ಪಟ್ಟಿಯಲ್ಲಿ ನೇರವಾಗಿ ಸೇರುವ ಪ್ರೈಮರಿ ಪಾರ್ಟಿಷನ್‌ಗೆ ಮಾತ್ರ. ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ಪಾರ್ಟಿಷನ್ ಪಟ್ಟಿಗೆ ಸಿಗುವುದು 64 ಬೈಟ್, ಒಂದೊಂದಕ್ಕೆ 16 ಬೈಟ್ ಬೇಕು, ಅಲ್ಲಿಗೆ ಮುಗಿಯಿತಲ್ವಾ? ಆದರೆ ಅದರಲ್ಲೂ ಒಂದನ್ನು ಎಕ್ಸ್‌ಟೆಂಡೆಡ್ ಮಾಡಿಕೊಂಡರೆ ಒಳಗೆ ಇನ್ನಷ್ಟು ಲಾಜಿಕಲ್ ಡ್ರೈವ್ (ಒಳಗಿನ ಪಾರ್ಟಿಷನ್) ಮಾಡಬಹುದು. ಜಿಪಿಟಿ (ಎಂಬಿಆರ್ ಬದಲಿಗೆ ಬಂದ ಹೊಸ ವಿಧಾನ) ಡಿಸ್ಕಾದರೆ ವಿಂಡೋಸಿನಲ್ಲಿ 128ರವರೆಗೆ ಅವಕಾಶ ಇದೆ.

ಈ ಲೆಕ್ಕ ಒಂದೊಂದು ಡಿಸ್ಕಿಗೂ ಬೇರೆ ಬೇರೆ. ಎರಡನೇ ಡಿಸ್ಕ್ ಹಾಕಲು ಮದರ್‌ಬೋರ್ಡಿನಲ್ಲಿ ಖಾಲಿ ಸಾಟಾ ಪೋರ್ಟ್ (ಡಿಸ್ಕಿನ ಕೇಬಲ್ ಸಿಗಿಸುವ ಜಾಗ), ಪವರ್ ಸಪ್ಲೈನಲ್ಲಿ ಒಂದು ಕನೆಕ್ಟರ್ ಇದ್ದರೆ ಸಾಕು. ಡ್ರೈವ್ ಅಕ್ಷರಗಳು 26 ಮುಗಿದರೂ ಹೊಸ ಪಾರ್ಟಿಷನ್ನನ್ನು ಖಾಲಿ ಫೋಲ್ಡರಿಗೆ ಜೋಡಿಸಬಹುದು.

ಹುಷಾರಾಗಿರಬೇಕಾದ್ದು ಒಂದು ಕಡೆ. ನಾಲ್ಕು ಪ್ರೈಮರಿ ತುಂಬಿದ ಎಂಬಿಆರ್ ಡಿಸ್ಕಿನಲ್ಲಿ ಇನ್ನೊಂದು ಮಾಡಲು ಹೋದರೆ, ಡೈನಾಮಿಕ್ ಡಿಸ್ಕ್ (ಡಿಸ್ಕನ್ನು ಭಾಗ ಮಾಡುವ ವಿಂಡೋಸಿನದೇ ಬೇರೆ ವಿಧಾನ) ಮಾಡಲಾ ಅಂತ ವಿಂಡೋಸ್ ಕೇಳಬಹುದು. ಸುಮ್ನೆ ಯೆಸ್ ಒತ್ತಬೇಡಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಮತ್ತೆ ಬೇಸಿಕ್ (ಮಾಮೂಲಿ ಡಿಸ್ಕ್) ಮಾಡಬೇಕೆಂದರೆ ಅದರಲ್ಲಿರುವ ಎಲ್ಲ ವಾಲ್ಯೂಮ್ (ಡಿಸ್ಕಿನ ಭಾಗ) ಅಳಿಸಬೇಕು. ಮದುವೆ ಫೋಟೋಗಳಿದ್ದರೆ ಮೊದಲು ಬ್ಯಾಕಪ್ ತೆಗೆದುಕೊಳ್ಳಿ.