ನಗುಮುಖ ಬೇಕು, ಅರ್ಥವಾಗುವ ಮಾತು ಇನ್ನೂ ಬೇಕು

ನರ್ಸ್‌ಗಳು ರೋಗಿಗಳ ಜೊತೆ ನಗುನಗುತ್ತಾ ಮಾತಾಡಬೇಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪುತ್ತೇನೆ. ಆದರೆ ಕಲಬುರಗಿಯಲ್ಲಿ ನರ್ಸ್ ಆಗಿ ವಾರ್ಡ್ ಡ್ಯೂಟಿ ಮಾಡುವ ನನಗೆ, ಹೇಳಿದ್ದು ಅವರಿಗೆ ತಿಳಿಯಿತಾ ಅನ್ನೋದೇ ದೊಡ್ಡ ಚಿಂತೆ. ಆಳಂದ ಕಡೆಯಿಂದ ಮರಾಠಿಯವರು ಬರುತ್ತಾರೆ, ಸೇಡಂ ಕಡೆಯಿಂದ ತೆಲುಗಿನವರು, ತಾಂಡಾಗಳಿಂದ ಲಂಬಾಣಿ ಜನ. ಊರೊಳಗೆ ಉರ್ದು ಇದ್ದೇ ಇದೆ. ‘ಗೊತ್ತಾಯ್ತಾ?’ ಅಂದರೆ ಎಲ್ಲರೂ ಸುಮ್ನೆ ತಲೆ ಆಡಿಸುತ್ತಾರೆ.

ಅದಕ್ಕೇ ಡಿಸ್ಚಾರ್ಜ್ ದಿನ ನಾನು ಹೀಗೆ ಕೇಳುತ್ತೇನೆ: ‘ಆಯಿ, ಮನಿಗಿ ಹೋದಮ್ಯಾಗ ಇನ್ಸುಲಿನ್ ಯಾವಾಗ ತಗೋತೀರಿ, ನೀವೇ ಹೇಳ್ರಿ.’ ‘ಉಂಡಮ್ಯಾಗ’ ಅಂತ ಉತ್ತರ ಬಂದರೆ ಅಲ್ಲೇ ತಿದ್ದಬಹುದು. ಊಟಕ್ಕೆ ಅರ್ಧ ಗಂಟೆ ಮೊದಲು ತಗೋಬೇಕಾದ ಇನ್ಸುಲಿನ್ ಅದು. ಜೊತೆಗೆ ಬಂದ ಮಗ ಅಥವಾ ಸೊಸೆಗೂ ಅದನ್ನೇ ಕೇಳಬೇಕು.

ಡಾಕ್ಟರ್ ಜೊತೆಗಿನ ಮಾತೂ ಅಷ್ಟೇ ಮುಖ್ಯ, ಅಲ್ವಾ? ರಾತ್ರಿ ಫೋನ್ ಮಾಡಿ ‘ಸರ್, ಪೇಶಂಟ್ ಯಾಕೋ ಸರಿಯಿಲ್ಲ’ ಅಂದರೆ ಅವರಿಗೆ ಏನು ತಿಳಿಯಬೇಕು? ಎಸ್‌ಬಿಎಆರ್ (ಸಿಚುಯೇಶನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್) ಅನ್ನುವ ಕ್ರಮ ಇದೆ: ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನಿಸುತ್ತದೆ, ಏನು ಬೇಕು. ‘ನಿನ್ನೆ ಆಪರೇಷನ್ ಆದವರು, ಬಿಪಿ 80/50ಕ್ಕೆ ಇಳಿದಿದೆ, ರಕ್ತ ಹೋಗುತ್ತಿದೆ ಅನಿಸುತ್ತದೆ, ಈಗಲೇ ಬನ್ನಿ’ ಅಂದರೆ ಮುಗೀತು. ಫೋನಿನಲ್ಲಿ ಹೇಳಿದ ಔಷಧಿಯ ಹೆಸರು, ಡೋಸು ಬರೆದುಕೊಂಡು ತಿರುಗಿ ಓದಿ ಹೇಳಲೇಬೇಕು. ಹಾಗೆ ಓದುವಾಗ ಸಿಡಿಮಿಡಿ ಮಾಡುವ ಡಾಕ್ಟರುಗಳಿಗೂ ದಯವಿಟ್ಟು ಒಂದು ಲೇಖನ ಬರೆಯಿರಿ.