ಊಟದ ಕಾದಂಬರಿ ನಮ್ಮಲ್ಲಿಲ್ಲವಂತೆ!

ಭಾನುವಾರದಿಂದ ಒಳಗೊಳಗೇ ಕುದೀತಾ ಇದೆ. ಬಿಪಿ ಮಾತ್ರೆ ನುಂಗೋರು ಫೇಸ್‌ಬುಕ್ಕಿನಲ್ಲಿ ಜಗಳಕ್ಕೆ ಇಳೀಬಾರದು ಅಂತ ಮಗಳ ಕಟ್ಟಪ್ಪಣೆ, ಹಾಗಾಗಿ ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಇವತ್ತು ಬೆಳಿಗ್ಗೆ ಅದನ್ನೇ ಯೋಚಿಸುತ್ತಾ ಕೊತ್ತಂಬರಿ ಬಿಡಿಸಲು ಕೂತು, ಕಡ್ಡಿಯನ್ನು ಪಾತ್ರೆಗೂ ಸೊಪ್ಪನ್ನು ಕಸಕ್ಕೂ ಹಾಕಿದ ಮೇಲೆ ಬರೆದು ಬಿಡೋದೇ ವಾಸಿ ಅನ್ನಿಸಿತು.

ನಮ್ಮ ಓದಿನ ಬಳಗ ಗೊತ್ತಲ್ಲ, ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರೋದು. ಊಟದ ಕೂಟದಲ್ಲಿ ಸಂಸಾರದ, ಸ್ನೇಹದ ಬಣ್ಣ ಬಯಲಾಗುವ ಕಾದಂಬರಿಗಳ ಬಗ್ಗೆ ಮಾತಾಡೋಣ ಅಂತ ಈ ಸಲ ವಿಷಯ ಕೊಟ್ಟವಳು ನಾನೇ. ಮಧ್ಯಾಹ್ನ ತಟ್ಟೆ ಕೈಗೆ ಬರುವ ಹೊತ್ತಿಗೆ ಚರ್ಚೆ ಕಾವೇರಿತ್ತು. ಬಳಗಕ್ಕೆ ಹೊಸದಾಗಿ ಸೇರಿರುವ ಒಬ್ಬ ಹುಡುಗ (ಚೆನ್ನಾಗಿ ಓದಿಕೊಂಡಿದ್ದಾನೆ, ಅದರಲ್ಲಿ ಎರಡು ಮಾತಿಲ್ಲ) ತೀರ್ಪು ಕೊಟ್ಟ: "ನಮ್ಮಲ್ಲಿ ಡಿನ್ನರ್ ಟೇಬಲ್ಲೇ ಇರಲಿಲ್ಲ ಮೇಡಂ. ಟೇಬಲ್ಲೇ ಇಲ್ಲದ ಮೇಲೆ ಡಿನ್ನರ್ ನಾವೆಲ್ ಎಲ್ಲಿಂದ ಬರ್ಬೇಕು? ಸಾಲಾಗಿ ಕೂತು, ತಲೆ ಬಗ್ಗಿಸಿಕೊಂಡು ಉಂಡು, ಎದ್ದು ಹೋಗೋ ಜನ ನಾವು. ಎದುರುಬದುರು ಕೂತು ಮಾತಾಡಿದ್ರೆ ತಾನೇ ಡ್ರಾಮಾ?"

ಇಷ್ಟು ಹೇಳುತ್ತಾ, ಮಾತು ನಿಲ್ಲಿಸದೆ, ಕತ್ತೂ ತಿರುಗಿಸದೆ, ಎಡಗೈಯಲ್ಲಿ ತಟ್ಟೆಯನ್ನು ಪಕ್ಕಕ್ಕೆ ಚಾಚಿದ. ಮನೆಯಾಕೆ ಬಂದು ಬಿಸಿಬೇಳೆಬಾತ್ ಹಾಕಿದಳು. ಮೇಲೆ ಒಂದು ಚಮಚ ತುಪ್ಪ, ಪಕ್ಕಕ್ಕೆ ಎರಡು ಅರಳು ಸಂಡಿಗೆ. ತಟ್ಟೆ ಮತ್ತೆ ತೊಡೆಯ ಮೇಲೆ ಹೋಗಿ ಕೂತಿತು. ಅವನ ವಾಕ್ಯ ಎಲ್ಲೂ ತುಂಡಾಗಲಿಲ್ಲ.

ನನ್ನ ಪಿತ್ತ ನೆತ್ತಿಗೇರಿಸಿದ್ದು ಅವನ ಥಿಯರಿ ಅಲ್ಲ. ಆ ತಟ್ಟೆ.

ಇನ್ನು ಥಿಯರಿ. ಅನಂತಮೂರ್ತಿಯವರ 1965ರ ‘ಸಂಸ್ಕಾರ’ ಎತ್ತಿಕೊಳ್ಳಿ. ಅದನ್ನು ಧರ್ಮದ ಕಾದಂಬರಿ ಅಂತಾರೆ, ಹೆಣದ ಕಾದಂಬರಿ ಅಂತಾರೆ. ನಾನು ಮಾತ್ರ ಯಾವಾಗಲೂ ಅದನ್ನು ತಪ್ಪಿಹೋದ ಊಟದ ಕಾದಂಬರಿ ಅಂತಲೇ ಓದಿದ್ದು. ಪ್ರಾಣೇಶಾಚಾರ್ಯರಿಗೆ ಊಟದ ಹೊತ್ತು. ಚಂದ್ರಿ ಬಂದು, ತನ್ನನ್ನು ಇಟ್ಟುಕೊಂಡಿದ್ದ ನಾರಣಪ್ಪ ಸತ್ತ ಅಂತಾಳೆ. ಆಚಾರ್ಯರು ಹೆಣದ ಕಡೆ ಹೋಗಲ್ಲ, ನೆರೆಮನೆಗೆ ಓಡ್ತಾರೆ, ಊಟಕ್ಕೆ ಕೂರುವವರನ್ನು ತಡೆಯೋಕೆ. ಹೆಣ ಸುಡುವ ತನಕ ಇಡೀ ದೂರ್ವಾಸಪುರ ಅಗ್ರಹಾರಕ್ಕೆ ಉಪವಾಸ. ಆಮೇಲೆ ನೋಡಿ ಮಜಾ. ಗರುಡಾಚಾರ್ಯ, ಲಕ್ಷ್ಮಣಾಚಾರ್ಯರ ಹಳೇ ಹಗೆ, ಚಂದ್ರಿಯ ಒಡವೆಯ ಮೇಲೆ ಇಬ್ಬರ ಮನೆಯವರ ಕಣ್ಣು, ಎಲ್ಲ ಒಂದೊಂದಾಗಿ ಹೊರಗೆ ಬರುತ್ತೆ. ತಿಥಿ ಊಟ ನಂಬಿ ಬದುಕುವ ದಾಸಾಚಾರ್ಯ ಹಸಿವು ತಾಳಲಾರದೆ ಪಾರಿಜಾತಪುರದ ಮಂಜಯ್ಯನ ಮನೆಗೆ ಹೋಗಿ, ತಾನು ಕೈ ತೊಳೆಯಬಾರದ ಮನೆಯಲ್ಲಿ ತಿಂದು ಬರ್ತಾನೆ. ಕೊನೆಯಲ್ಲಿ ಖುದ್ದು ಆಚಾರ್ಯರೇ ಸೂತಕ ಹೊತ್ತುಕೊಂಡು ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಕೂತು, ಯಾರಾದರೂ ಗುರುತು ಹಿಡಿದಾರು ಅಂತ ಬೆವರುತ್ತಾರೆ. ಇದಕ್ಕಿಂತ ದೊಡ್ಡ ಡಿನ್ನರ್ ನಾವೆಲ್ ಇನ್ಯಾವುದು ಬೇಕಪ್ಪ? ಟೇಬಲ್ ಒಂದು ಇರಲಿಲ್ಲ, ನಿಜ.

ಅವನ ಮಾತಲ್ಲಿ ಗುಲಗಂಜಿಯಷ್ಟು ಸತ್ಯ ಇದೆ, ಇಲ್ಲ ಅನ್ನಲ್ಲ. ನಮ್ಮ ಮಲೆನಾಡಿನ ಮನೆಯಲ್ಲಿ ಎಲೆಯ ಮುಂದೆ ಮಾತಾಡಿದರೆ ಅಜ್ಜ ಕಣ್ಣು ಬಿಡೋರು. ಚಟ್ನಿ ಬೇಕಾದರೂ ಬೆರಳಿನ ಸನ್ನೆ. ಎದುರಿಗೆ ಕೂತು ನಯವಾಗಿ ಚುಚ್ಚುವ ಮಾತುಗಾರಿಕೆ ನಮ್ಮ ಪಂಕ್ತಿಯಲ್ಲಿ ಇರಲಿಲ್ಲ. ಸರಿ, ಒಪ್ಪಿದೆ. ಆದರೆ ನಮ್ಮಲ್ಲಿ ಜಗಳ ಬಾಯಲ್ಲಿ ಯಾಕೆ ನಡೀಬೇಕು ಸ್ವಾಮಿ? ಸೌಟಿನಲ್ಲಿ ನಡೆಯುತ್ತೆ. ಒಂದನೇ ಪಂಕ್ತಿಗೆ ಯಾರನ್ನು ಕರೆದರು, ಯಾರಿಗೆ ಮೂರನೇ ಪಂಕ್ತಿ, ಯಾರ ಎಲೆಗೆ ಪಾಯಸದ ಗೋಡಂಬಿ ಬಿತ್ತು, ಯಾರ ಎಲೆಗೆ ಬರೀ ತಿಳಿ. ಬಡಿಸೋರು ನಮ್ಮವರಾದರೆ ಕೊನೇ ಪಂಕ್ತಿಯಲ್ಲಿ ಕೂತರೇನು ಅನ್ನೋ ಗಾದೆ ಕಟ್ಟಿದ ಜನರಿಗೆ ಊಟದ ರಾಜಕೀಯ ಗೊತ್ತಿಲ್ಲ ಅಂತೀರಾ?

ಇಷ್ಟೆಲ್ಲ ಬರೆದ ಮೇಲೆ ಒಂದು ಹೇಳಲೇಬೇಕು. ತೋಟದ ಪಾಲಿನಲ್ಲಿ ನಮ್ಮ ಮನೆಯವರೊಳಗೆ ಮನಸ್ತಾಪ ಆದ ಕಥೆ ಇಲ್ಲಿ ಹಳಬರಿಗೆಲ್ಲ ಗೊತ್ತು. ಅದಾದ ವರ್ಷ ತಮ್ಮನ ಮನೆ ಗೃಹಪ್ರವೇಶ. ಹೋಳಿಗೆಗೆ ತುಪ್ಪ ಬಡಿಸುವ ಪಾಳಿ ನನ್ನದು. ಸಾಲಿನಲ್ಲಿ ಬಗ್ಗಿ ಬಗ್ಗಿ ಹಾಕುತ್ತಾ ಬಂದೆ. ದೊಡ್ಡ ಅತ್ತಿಗೆಯ ಎಲೆ ಬಂದಾಗ, ಹಿಂದಿನಿಂದ ಯಾರೋ ಕರೆದಂತೆ ತಿರುಗಿ "ಬಂದೇ" ಅಂದು ಮುಂದಿನ ಎಲೆಗೆ ಹೋದೆ. ಯಾರೂ ಕರೆದಿರಲಿಲ್ಲ. ಅದು ಅವಳಿಗೂ ಗೊತ್ತಾಯಿತು. ಒಣ ಹೋಳಿಗೆಯನ್ನೇ ಮುರಿದು, ತಲೆ ಎತ್ತದೆ, ಪೂರ್ತಿ ತಿಂದಳು. ಆರು ವರ್ಷ ಆಯಿತು. ಹಬ್ಬಕ್ಕೆ ಫೋನ್ ಮಾಡ್ತಾಳೆ, ನಾನೂ ಮಾಡ್ತೀನಿ, ಮಳೆ ಬೆಳೆ ಮಾತಾಡ್ತೀವಿ. ಆ ತುಪ್ಪದ ಮಿಳ್ಳೆ ನಮ್ಮಿಬ್ಬರ ನಡುವೆ ಹಾಗೇ ನಿಂತಿದೆ. ಡ್ರಾಮಾ ಇಲ್ಲವಂತೆ!

ಮಾತಿದ್ದರೇ ಡ್ರಾಮಾ ಅನ್ನೋದು ಅವನು ಮೆಚ್ಚುವ ಇಂಗ್ಲಿಷಿಗೂ ಹೊಂದಲ್ಲ. ವರ್ಜೀನಿಯಾ ವುಲ್ಫ್ 1927ರಲ್ಲಿ ಬರೆದ ‘ಟು ದ ಲೈಟ್‌ಹೌಸ್’ನಲ್ಲಿ ಬರುವ ಊಟವನ್ನು ನೆನಪಿಸಿಕೊಳ್ಳಿ. ಎಲ್ಲರ ಊಟ ಮುಂದೆ ಹೋಗಬೇಕು, ಅಷ್ಟರಲ್ಲಿ ಕಾರ್ಮೈಕಲ್ ಅನ್ನೋ ಮುದುಕ ಕವಿ ಇನ್ನೊಂದು ತಟ್ಟೆ ಸೂಪು ಕೇಳ್ತಾನೆ. ಅಷ್ಟೇ. ಮೇಜಿನ ಆ ತುದಿಯಲ್ಲಿ ಮನೆಯ ಯಜಮಾನ ರಾಮ್ಸೆಯ ಮುಖ ಗಂಟಿಕ್ಕುತ್ತೆ. ಈ ತುದಿಯಲ್ಲಿ ಕೂತ ಹೆಂಡತಿಗೆ ಎಲ್ಲ ಅರ್ಥವಾಗುತ್ತೆ. ಅಪ್ಪನ ಮುಖ ನೋಡಿ ಮಕ್ಕಳಿಗೆ ಇನ್ನೇನು ನಗು ಉಕ್ಕಬೇಕು, ಅವಳು ತಟ್ಟನೆ ಮೋಂಬತ್ತಿ ಹಚ್ಚಿ ಅಂತ ಹೇಳಿ ಮಕ್ಕಳನ್ನು ಎಬ್ಬಿಸ್ತಾಳೆ. ಗಂಡ ಹೆಂಡತಿ ಇಡೀ ಒಂದು ಜಗಳ ಆಡಿ ಮುಗಿಸಿದರು, ಅದರ ಒಂದು ಶಬ್ದವೂ ಹೊರಗೆ ಬರಲಿಲ್ಲ. ನಮ್ಮಜ್ಜನ ಪಂಕ್ತಿಗೂ ಇದಕ್ಕೂ ಏನು ವ್ಯತ್ಯಾಸ?

ಅದೇ ಊಟದಲ್ಲಿ ಇನ್ನೊಂದಿದೆ, ನನಗೆ ಮುಳ್ಳಿನ ಹಾಗೆ ಚುಚ್ಚೋದು. ಅವತ್ತಿನ ವಿಶೇಷ ಒಂದು ಫ್ರೆಂಚ್ ಮಾಂಸದಡುಗೆ. ಅಡುಗೆಯವಳು ಮಿಲ್ಡ್ರೆಡ್ ಮೂರು ದಿನ ಅದಕ್ಕೆ ಜೀವ ತೇಯ್ದಿದ್ದಾಳೆ. ಬ್ಯಾಂಕ್ಸ್ ಅನ್ನುವ ಅತಿಥಿ ಬಾಯಿ ಚಪ್ಪರಿಸಿ ಹೊಗಳಿದ್ದೇ ತಡ, ಮನೆಯೊಡತಿ ಏನಂತಾಳೆ? ಇದು ನಮ್ಮಜ್ಜಿಯ ಕಾಲದ ಫ್ರೆಂಚ್ ಪಾಕ ಅಂತಾಳೆ. ಮಿಲ್ಡ್ರೆಡ್ಡಿನ ಸುದ್ದಿಯೇ ಇಲ್ಲ! ಇದನ್ನು ಭಾನುವಾರ ಹೇಳಿದೆ. ಹುಡುಗ "ಅದು ಕ್ಲಾಸ್ ಆಂಗಲ್, ಬೇರೆ ಡಿಸ್ಕಷನ್" ಅಂದ. ಬೇರೆ ಅಲ್ಲ ಕಣೋ, ಅದೇ ಇರೋದು. ಬಡಿಸುವವಳನ್ನು ಅಡುಗೆಮನೆಗೆ ಕಳಿಸಿ ಬಾಗಿಲು ಹಾಕಿದ ಮೇಲೆ, ಮೇಜಿನ ಸುತ್ತ ಕೂತವರ ನೋವು ಮಾತ್ರ ನೋವು ಅನ್ನಿಸೋಕೆ ಶುರುವಾಗುತ್ತೆ.

ಅವನ ನೆಚ್ಚಿನ ಪುಸ್ತಕ ಹರ್ಮನ್ ಕಾಖ್ 2009ರಲ್ಲಿ ಬರೆದ ‘ದ ಡಿನ್ನರ್’. ದುಬಾರಿ ರೆಸ್ಟೋರೆಂಟು, ಅಣ್ಣ ತಮ್ಮ, ಇಬ್ಬರ ಹೆಂಡಿರು. ಮಕ್ಕಳು ಮಾಡಿದ ಘೋರ ಕೆಲಸದ ಮಾತನ್ನು ಒಂದೊಂದು ಬಗೆ ತಿಂಡಿ ಬಂದಾಗಲೂ ಇನ್ನಷ್ಟು ಮುಂದಕ್ಕೆ ತಳ್ಳುತ್ತಾ ಕೂತಿರ್ತಾರೆ. ಬಿಗಿ ಇದೆ, ರಾತ್ರಿ ಒಂದೇ ಏಟಿಗೆ ಮುಗಿಸಿದ್ದೆ. ಅಲ್ಲೂ ಬಡಿಸೋ ಕಡೆಯವನು ನಗೆಪಾಟಲು, ತಟ್ಟೆಯ ಮೇಲೆ ಕಿರುಬೆರಳು ಆಡಿಸುವ ಮ್ಯಾನೇಜರು. ಹೋಗಲಿ ಬಿಡಿ.

ನನಗೆ ಹತ್ತಿರದ್ದು ಆನ್ ಟೈಲರ್ ಅವರ ‘ಡಿನ್ನರ್ ಅಟ್ ದ ಹೋಮ್‌ಸಿಕ್ ರೆಸ್ಟೋರೆಂಟ್’, 1982ರದು. ಬಾಲ್ಟಿಮೋರ್ ಊರು. ಅಪ್ಪ ಮನೆ ಬಿಟ್ಟು ಹೋಗಿದ್ದಾನೆ, ಹೋದ ಅಂತ ಅಮ್ಮ ಮಕ್ಕಳಿಗೂ ಬಾಯಿ ಬಿಟ್ಟು ಹೇಳಲ್ಲ. ನಡುವಿನ ಮಗ ಎಜ್ರಾ ಬೆಳೆದು ಹೋಟೆಲು ನಡೆಸ್ತಾನೆ. ಅವನಿಗೆ ಇರೋದು ಒಂದೇ ಆಸೆ: ಮನೆಯವರೆಲ್ಲ ತನ್ನ ಹೋಟೆಲಿನಲ್ಲಿ ಒಂದು ಊಟ, ಒಂದೇ ಒಂದು ಊಟ, ಮೊದಲಿಂದ ಕೊನೆ ತನಕ ಕೂತು ಮುಗಿಸಬೇಕು. ಪ್ರತಿಸಲ ಯಾರಾದರೊಬ್ಬರು ಸಿಟ್ಟಾಗಿ ಎದ್ದು ಹೋಗ್ತಾರೆ. ಅಮ್ಮನ ಉತ್ತರಕ್ರಿಯೆಯ ದಿನವೂ ಅಷ್ಟೇ. ಅಷ್ಟು ವರ್ಷದ ಮೇಲೆ ಬಂದ ಅಪ್ಪ ಅರ್ಧಕ್ಕೇ ಎದ್ದು ನಡೀತಾನೆ, ಅವನನ್ನು ಹುಡುಕಿಕೊಂಡು ಎಲ್ಲರೂ ಬೀದಿಗೆ ಇಳೀತಾರೆ. ಉಣಿಸುವವನ ಸಂಕಟ ಏನು ಅಂತ ಎದೆಗೆ ತಾಕಿಸಿದ ಪುಸ್ತಕ ಅದು. ಮೂರು ಬಗೆ ಪಲ್ಯ ಮಾಡಿಟ್ಟು ಹಬ್ಬದ ದಿನ ಮಕ್ಕಳ ದಾರಿ ಕಾದವರಿಗೆ ಬಿಡಿಸಿ ಹೇಳಬೇಕಿಲ್ಲ.

ವಿವೇಕ ಶಾನಭಾಗರ 2013ರ ‘ಘಾಚರ್ ಘೋಚರ್’ನಲ್ಲಂತೂ ಊಟ ಒಳಗೆ ಬರೋದೇ ಇಲ್ಲ, ಹೊಸ್ತಿಲಲ್ಲೇ ಮುಗಿಯುತ್ತೆ. ಚಿಕ್ಕಪ್ಪನಿಗೆ ಇಷ್ಟ ಅಂತ ಒಬ್ಬಳು ಮಸೂರ್ ಬೇಳೆಯ ಸಾರು ಮಾಡಿಕೊಂಡು ಬಾಗಿಲಿಗೆ ಬರ್ತಾಳೆ. ಮನೆಯ ಹೆಂಗಸರು ಬಾಯಿಗೆ ಬಂದದ್ದು ಬೈದು ಅಟ್ಟುತ್ತಾರೆ. ಸಾರು ಬೀದಿಪಾಲು. ಎಲ್ಲರಿಗೂ ಅನ್ನ ಹಾಕುವ ಚಿಕ್ಕಪ್ಪ ಒಳಗೇ ಇರ್ತಾನೆ, ಹೊರಗೆ ಬರಲ್ಲ. ಆ ಸಾರಿನ ಪರಿಮಳ ಮೂಗಿಗೆ ಬಡಿಯುವಾಗಲೇ ಆ ಮನೆಯವರು ಎಂಥವರು ಅಂತ ಗೊತ್ತಾಗಿಹೋಗುತ್ತೆ. ಇದನ್ನೂ ಹುಡುಗನಿಗೆ ಹೇಳಿದೆ. "ಅದು ಡಿನ್ನರ್ ಅಲ್ವಲ್ಲ ಮೇಡಂ" ಅಂದ. ಅಲ್ಲಪ್ಪ, ಅಲ್ಲ. ನೀನು ಹೇಳಿದ ಮೇಲೆ ಮುಗೀತು.

ಈಗ ನೀವು ಕೇಳಬಹುದು, ಅಷ್ಟು ಉರಿ ಇದ್ದರೆ ಅವತ್ತೇ ಎದ್ದು ಮನೆಯಾಕೆಯ ಕೈಯಿಂದ ಸೌಟು ಇಸ್ಕೊಂಡು "ನೀನು ಕೂತ್ಕೋ" ಅನ್ನಬಹುದಿತ್ತಲ್ಲ ಅಂತ. ಅನ್ನಬಹುದಿತ್ತು. ಮಂಡಿ ನೋವು ಅಂತ ನೆಪ ಹೇಳಲೇ? ಎರಡು ಸಲ ಬಾತ್ ಹಾಕಿಸಿಕೊಂಡೆ, ಮೊಸರನ್ನಕ್ಕೆ ದಾಳಿಂಬೆ ಬಿಡಿಸಿ ಹಾಕಿದ್ದಳು, ಅದನ್ನೂ ಹೊಗಳಿದೆ. ಹೊಗಳಿದ್ದು ಅವಳ ಗಂಡನಿಗೆ. ಅವರು "ನಮ್ಮಮ್ಮನ ರೆಸಿಪಿ" ಅಂತ ನಕ್ಕರು.

ಕೈ ತೊಳೆಯೋಕೆ ಹಿತ್ತಲ ಕಡೆ ಹೋದಾಗ ಅವಳು ಸಂಡಿಗೆ ಕರಿದ ಬಾಣಲೆಯ ಎಣ್ಣೆ ಸೋಸುತ್ತಾ ನಿಂತಿದ್ದಳು. "ಊಟ ಆಯ್ತೇನೇ?" ಅಂದೆ. ಅದಕ್ಕೆ ಉತ್ತರ ಕೊಡಲಿಲ್ಲ. "ಅಕ್ಕಾ, ಆ ಅಡುಗೆಯವಳು ಕೊನೆಗೆ ಏನಾದಳು? ಮೂರು ದಿನ ಮಾಡಿದಳು ಅಂದ್ರಲ್ಲ" ಅಂತ ಕೇಳಿದಳು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಾಳೆ! ನನಗೆ ತಟ್ಟನೆ ನೆನಪಾಗಲಿಲ್ಲ. ನೋಡಿ ಹೇಳ್ತೀನಿ ಅಂದು ಬಂದೆ.

ನಿನ್ನೆ ರಾತ್ರಿ ಕಪಾಟು ಕೆದಕಿ ಪುಸ್ತಕ ತೆಗೆದೆ. ವರ್ಷಗಳು ಉರುಳಿವೆ, ಯುದ್ಧ ಆಗಿದೆ, ಮನೆಯೊಡತಿ ತೀರಿಕೊಂಡಿದ್ದಾಳೆ, ಮನೆ ಪಾಳು ಬಿದ್ದಿದೆ. ಕಸ ಗುಡಿಸಲು ಬರುವ ಮುದುಕಿ ಮೆಕ್‌ನ್ಯಾಬ್‌ಗೆ ಆ ಅಡುಗೆಯವಳ ನೆನಪಾಗುತ್ತೆ. ಕೆಂಪು ಕೂದಲಿನವಳು, ಸಿಡುಕಿ, ಆದರೆ ಅಡುಗೆಮನೆಗೆ ಹೋದರೆ ಯಾವಾಗಲೂ ಬಾ ಅನ್ನೋಳು. ಹೆಸರೇನು ಅವಳದು? ಮಿಲ್ಡ್ರೆಡ್ಡೋ ಮರಿಯನ್ನೋ, ಅಂಥದ್ದೇನೋ. ಮುದುಕಿಗೆ ಮರೆತುಹೋಗಿದೆ.

ಇದನ್ನು ಇವತ್ತೇ ತಿಳಿಸೋಣ ಅಂತ ಫೋನ್ ತೆಗೆದೆ. ನಾಲ್ಕು ವರ್ಷದಿಂದ ಆ ಮನೆಗೆ ಹೋಗಿ ಬಂದು ಮಾಡ್ತಿದ್ದೀನಿ, ನಂಬರು ಇದೆ. ಸೇವ್ ಮಾಡಿಕೊಂಡಿರೋದು ಅವಳ ಗಂಡನ ಹೆಸರು, ಮುಂದೆ ‘ಮನೆ’ ಅಂತ.