ಸಬ್‌ಸ್ಟೇಷನ್ ವ್ಯೂ ಇರುವ ಪ್ರೀಮಿಯಂ ಮನೆ

ಭಾನುವಾರದ ಪತ್ರಿಕೆಯ ಮಡಿಕೆಯಿಂದ ಜಾರಿ ಬಿದ್ದ ಆ ಬಣ್ಣದ ಕರಪತ್ರವನ್ನು ರಾಯಚೂರಿನ ಬಹುತೇಕ ಮನೆಗಳವರು ಕಂಡೇ ಇರುತ್ತಾರೆ. ಊರಾಚೆಯ ಹೊಸ ಬಡಾವಣೆಯ ಸೌಕರ್ಯಗಳ ಪಟ್ಟಿಯಲ್ಲಿ ಡಾಂಬರು ರಸ್ತೆ, ಒಳಚರಂಡಿ, ಗುಡಿಗೆ ಬಿಟ್ಟ ಜಾಗ ಇವೆಲ್ಲ ಸಣ್ಣ ಅಕ್ಷರಗಳಲ್ಲಿ ಮುಗಿದುಹೋಗಿ, ಅವುಗಳ ಕೆಳಗೆ ಕೆಂಪು ದಪ್ಪಕ್ಷರಗಳಲ್ಲಿ ‘ಪಕ್ಕದಲ್ಲೇ 33 ಕೆವಿ ವಿದ್ಯುತ್ ಉಪಕೇಂದ್ರ’ ಎಂದು ಅಚ್ಚಾಗಿತ್ತು. ಇಷ್ಟು ವರ್ಷ ನಿವೇಶನ ಮಾರುವವರು ಸಬ್‌ಸ್ಟೇಷನ್ನನ್ನು ಗಿಡಗಳ ಚಿತ್ರ ಬಿಡಿಸಿ ಮರೆಮಾಚುತ್ತಿದ್ದರು. ಈಗ ಅದನ್ನು ಮುಂದಿಟ್ಟುಕೊಂಡು ಮಾರುವಷ್ಟು ಧೈರ್ಯ ಬಂದಿರುವುದನ್ನು ಮೆಚ್ಚಲೇಬೇಕು.

ಒಂದು ರೀತಿಯಲ್ಲಿ ಇದು ಪ್ರಾಮಾಣಿಕತೆಯೂ ಹೌದು, ಏಕೆಂದರೆ ನಮ್ಮೂರಿನ ನಿವೇಶನ ವ್ಯಾಪಾರ ಬಹುಕಾಲದಿಂದ ಇನ್ನೂ ಬಾರದ ಸಂಗತಿಗಳ ಮೇಲೆಯೇ ನಡೆದುಕೊಂಡು ಬಂದಿದೆ. ಏಮ್ಸ್ ಬೇಕೆಂದು ಜನ 2022ರಿಂದ ಧರಣಿ ಕುಳಿತರು. ಆಸ್ಪತ್ರೆಯ ಅಡಿಗಲ್ಲು ಬೀಳುವ ಮೊದಲೇ ಅದರಿಂದ ಹತ್ತು ನಿಮಿಷದ ಹಾದಿಯಲ್ಲಿ ನಿವೇಶನಗಳು ಮಾರಾಟಕ್ಕೆ ಬಂದವು. ವಿಮಾನ ನಿಲ್ದಾಣದ ಹೆಸರಿನಲ್ಲಿಯೂ ಅದೇ ಕಥೆ. ಸಬ್‌ಸ್ಟೇಷನ್ ಹಾಗಲ್ಲ. ಅದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ಮಂತ್ರಿಗಳು ಬಂದು ಘೋಷಿಸುವ ಅಗತ್ಯವಿಲ್ಲ.

ಕುತೂಹಲದಿಂದ ಫೋನ್ ಮಾಡಿದರೆ ಏಜೆಂಟರು ಅತ್ಯಂತ ತರ್ಕಬದ್ಧವಾಗಿ ಮಾತನಾಡಿದರು: “ಸರ, ಕರೆಂಟಿನ ಮನಿ ಬಾಜೂಕ ನಿಮ್ಮನಿ ಇದ್ರ, ಕರೆಂಟ್ ಹ್ಯಾಂಗ್ ಹೋಗ್ತೈತ್ರಿ?” ವಾಸ್ತುವಿನ ಪ್ರಶ್ನೆ ಎತ್ತುವ ಮೊದಲೇ ಅದಕ್ಕೂ ಅವರಲ್ಲಿ ಉತ್ತರ ಸಿದ್ಧವಾಗಿತ್ತು. ಸಬ್‌ಸ್ಟೇಷನ್ ನಿವೇಶನದ ಆಗ್ನೇಯಕ್ಕೆ ಬರುತ್ತದೆ, ಆಗ್ನೇಯ ಅಗ್ನಿಯ ಮೂಲೆ, ಆದ್ದರಿಂದ ಸರ್ಕಾರವೇ ತನ್ನ ಖರ್ಚಿನಲ್ಲಿ ವಾಸ್ತುದೋಷ ನಿವಾರಣೆ ಮಾಡಿಕೊಟ್ಟಂತಾಗಿದೆಯಂತೆ. ಬೇಲಿಯ ಆಚೆ ಬದಿಯಲ್ಲಿ, ಈಶಾನ್ಯಕ್ಕೆ ಸಬ್‌ಸ್ಟೇಷನ್ ಇರುವ ನಿವೇಶನಗಳ ಗತಿಯೇನು ಎಂದು ಕೇಳಿದ್ದಕ್ಕೆ, ಅವುಗಳಿಗೆ ಬೇರೆ ವಾಸ್ತು ತಜ್ಞರಿದ್ದಾರೆ ಎಂದು ತಿಳಿಯಿತು.

ಕರೆಂಟ್ ಹೇಗೆ ಹೋಗುತ್ತದೆ ಎಂಬುದು ಈ ಜಿಲ್ಲೆಯಲ್ಲಿ ಕೇಳಬಾರದ ಪ್ರಶ್ನೆ. ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ವಿದ್ಯುತ್ ತಯಾರಿಸುತ್ತಿರುವ ಸ್ಥಾವರದ ಸಾಮರ್ಥ್ಯ 1720 ಮೆಗಾವಾಟ್; ಯರಮರಸ್‌ನದು ಇನ್ನೊಂದು 1600. ಎರಡೂ ಸೇರಿದರೆ ಮೂರು ಸಾವಿರ ದಾಟುತ್ತದೆ. ಬೂದಿ ನಮ್ಮ ಅಂಗಳದಲ್ಲಿ ಉಳಿಯುತ್ತದೆ, ಬೆಳಕು 400 ಕೆವಿ ತಂತಿಗಳ ಮೇಲೇರಿ ಬೆಂಗಳೂರಿನ ಕಡೆಗೆ ಹೊರಡುತ್ತದೆ. ಎರಡು ಶಾಖೋತ್ಪನ್ನ ಸ್ಥಾವರಗಳ ಪಕ್ಕದಲ್ಲಿದ್ದೂ ಮೇ ತಿಂಗಳ ರಾತ್ರಿ ಬೀಸಣಿಗೆ ಹಿಡಿದು ಕೂರುವ ಜನಕ್ಕೆ, ಎರಡು ಟ್ರಾನ್ಸ್‌ಫಾರ್ಮರಿನ ಸಬ್‌ಸ್ಟೇಷನ್ ಪಕ್ಕದಲ್ಲಿದ್ದರೆ ಕರೆಂಟ್ ಹೋಗುವುದಿಲ್ಲವೆಂದು ನಂಬಿಸುವುದು ಸಾಮಾನ್ಯ ಪ್ರತಿಭೆಯಲ್ಲ.

ಸಬ್‌ಸ್ಟೇಷನ್ನಿನಿಂದ ಪಕ್ಕದ ಮನೆಗೆ ನೇರವಾಗಿ ತಂತಿ ಎಳೆಯುವುದಿಲ್ಲ. ಅಲ್ಲಿಗೆ 33 ಕೆವಿಯಲ್ಲಿ ಬಂದ ವಿದ್ಯುತ್ತು 11 ಕೆವಿಗೆ ಇಳಿದು, ಫೀಡರ್ ಎಂಬ ಹಲವು ಪ್ರತ್ಯೇಕ ಮಾರ್ಗಗಳಾಗಿ ಕವಲೊಡೆದು, ಊರೆಲ್ಲ ಸುತ್ತಿ, ಕೊನೆಗೆ ಬೀದಿಯ ಟಿಸಿಯಲ್ಲಿ, ಅಂದರೆ ಬೀದಿಯ ಸಣ್ಣ ಟ್ರಾನ್ಸ್‌ಫಾರ್ಮರಿನಲ್ಲಿ, ಮನೆ ಬಳಕೆಯ ಮಟ್ಟಕ್ಕೆ ಇಳಿಯುತ್ತದೆ. ಹೊಲಗಳ ನಡುವೆ ಎದ್ದ ಬಡಾವಣೆಗೆ ಪಂಪ್‌ಸೆಟ್ ಫೀಡರಿನಿಂದಲೇ ಸಂಪರ್ಕ ಕೊಟ್ಟಿದ್ದರೆ, ಬೇಲಿಗೆ ಬೆನ್ನು ತಾಗಿಸಿಕೊಂಡಿರುವ ಮನೆಯೂ ಹೊಲದ ಮೋಟಾರಿನ ವೇಳಾಪಟ್ಟಿಯಲ್ಲಿಯೇ ಬದುಕಬೇಕು. ಬೇಲಿಯ ಪಕ್ಕದವರಿಗೆ ಇರುವ ಹೆಚ್ಚುವರಿ ಸೌಲಭ್ಯ ಒಂದೇ: ಇಡೀ ಊರಿನಲ್ಲಿ, ತಪ್ಪು ಎಲ್ಲಿ ಆಗಿದೆ ಎಂದು ಕಿವಿಯಿಂದಲೇ ಹೇಳಬಲ್ಲವರು ಅವರು ಮಾತ್ರ. ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆಗೆ ಅದರೊಳಗಿನ ಉಕ್ಕಿನ ತಿರುಳು ಕಾರಣ; 50 ಹರ್ಟ್ಸ್ ವಿದ್ಯುತ್ತಿನ ಪ್ರತಿ ಆವರ್ತದಲ್ಲಿಯೂ ಅದು ಎರಡು ಸಲ ಹಿಗ್ಗಿ ಕುಗ್ಗುವುದರಿಂದ ಸೆಕೆಂಡಿಗೆ 100 ಕಂಪನಗಳ ಒಂದು ಸ್ಥಿರ ನಾದ ಹೊರಡುತ್ತದೆ. ಹಗಲು ಆಟೊ, ಟ್ರ್ಯಾಕ್ಟರುಗಳ ಗದ್ದಲದಲ್ಲಿ ಅದು ಕೇಳಿಸದು. ರಾತ್ರಿ ಹನ್ನೊಂದರ ನಂತರ ತಂಬೂರಿಯಂತೆ ಗೋಡೆ, ಕಿಟಕಿಯ ಗಾಜು, ಮಂಚದ ಕಾಲುಗಳೊಳಗೆಲ್ಲ ಇಳಿದು ನುಡಿಯತೊಡಗುತ್ತದೆ. ಎಂದೂ ಶ್ರುತಿ ತಪ್ಪದ, ಎಂದೂ ಮುಗಿಯದ ಕಛೇರಿ ಇದು. ಮನೆಯಲ್ಲಿ ಫ್ಯಾನು ನಿಂತಿದ್ದು ನಾದ ಮುಂದುವರಿದಿದ್ದರೆ ತಪ್ಪು ನಿಮ್ಮ ಬೀದಿಯದು ಅಥವಾ ನಿಮ್ಮ ಫೀಡರಿನದು. ನಾದವೂ ನಿಂತಿದ್ದರೆ ಊರಿಗೇ ಕತ್ತಲೆ, ನೆಮ್ಮದಿಯಿಂದ ಮಲಗಬಹುದು. ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್ ಹಾಡುತ್ತಿದ್ದು ತನ್ನ ಮನೆಯಲ್ಲಿ ಮಾತ್ರ ಮೋಂಬತ್ತಿ ಹುಡುಕುವವನ ಮನಃಸ್ಥಿತಿಯನ್ನು ಕರಪತ್ರದಲ್ಲಿ ಯಾರೂ ವರ್ಣಿಸಿಲ್ಲ.

ಇನ್ನು ‘ರೇಡಿಯೇಷನ್’ ಎಂಬ ಭೂತ. ವಿದ್ಯುತ್ತಿನ ಕಾಂತಕ್ಷೇತ್ರವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2002ರಲ್ಲಿ ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳದ್ದು’ ಎಂಬ ವರ್ಗಕ್ಕೆ ಸೇರಿಸಿದ್ದು ನಿಜ. ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಅದೇ ವರ್ಗದಲ್ಲಿದೆ. ಉಪಕರಣಗಳ ಕಾಂತಕ್ಷೇತ್ರ ಬೇಲಿ ದಾಟುತ್ತಿದ್ದಂತೆ ಬೇಗ ಕ್ಷೀಣಿಸುತ್ತದೆ. ಹೆಚ್ಚು ಇರುವುದು ಒಳಬರುವ ಮತ್ತು ಹೊರಹೋಗುವ ತಂತಿಗಳ ಕೆಳಗೆ. ಆದರೂ ಗೃಹಪ್ರವೇಶಕ್ಕೆ ಬಂದ ಬಂಧುಗಳು ಉಪ್ಪಿನಕಾಯಿ ನೆಕ್ಕುತ್ತಲೇ ರೇಡಿಯೇಷನ್ನಿನ ಬಗ್ಗೆ ಒಂದು ಗಂಟೆ ಭಾಷಣ ಮಾಡಿ, ಅದೇ ತಂತಿಯ ಕೆಳಗೆ ಬೈಕು ನಿಲ್ಲಿಸಿ, ಅದೇ ತಂತಿಯ ಕೆಳಗೆ ಮಕ್ಕಳನ್ನು ಆಡಲು ಬಿಡುತ್ತಾರೆ.

ಕಣ್ಣಿಗೆ ಕಾಣದ್ದಕ್ಕೆ ಹೆದರುವ ನಾವು ಕಣ್ಣೆದುರು ಕಾಣುವ ತಂತಿಯನ್ನು ನೋಡುವುದೇ ಇಲ್ಲ ಎಂಬುದನ್ನು ಬಡಾವಣೆ ಮಾಡುವವರು ಚೆನ್ನಾಗಿ ಅರಿತಿದ್ದಾರೆ. ಸಬ್‌ಸ್ಟೇಷನ್ ಎಷ್ಟೇ ಚಿಕ್ಕದಿರಲಿ, ಅದಕ್ಕೆ ತಂತಿಗಳು ಆಕಾಶದಿಂದ ಇಳಿದು ಬರುವುದಿಲ್ಲ. ಅಕ್ಕಪಕ್ಕದ ನಿವೇಶನಗಳ ಮೇಲಿಂದಲೇ ಬರಬೇಕು. ಕಟ್ಟಡದಿಂದ 11 ಕೆವಿ ತಂತಿ ಅಡ್ಡಲಾಗಿ ಕನಿಷ್ಠ 1.2 ಮೀಟರ್, 33 ಕೆವಿ ತಂತಿ 2 ಮೀಟರ್ ದೂರವಿರಬೇಕು. ಮೇಲಿನಿಂದ ಹಾಯ್ದರೆ 3.7 ಮೀಟರ್ ಅಂತರ ಬೇಕು. ಇದು ನಿಯಮ. ನಕ್ಷೆಯಲ್ಲಿ ಆ ತಂತಿಗೆ ಒಂದು ಗೆರೆಯೂ ಇರುವುದಿಲ್ಲ. ತಂತಿಯ ಕೆಳಗಿನ ಪಟ್ಟಿಗೆ ಹಸಿರು ಬಳಿದು ‘ಉದ್ಯಾನ’ ಎಂದು ಬರೆದಿರುತ್ತಾರೆ. ಲೇಔಟ್ ಮಂಜೂರಾಗುತ್ತದೆ, ಖಾತೆಯಾಗುತ್ತದೆ, ಬ್ಯಾಂಕು ಸಾಲ ಕೊಡುತ್ತದೆ, ಮನೆಗೆ ಮೀಟರೂ ಬರುತ್ತದೆ. ಇಷ್ಟು ಕಚೇರಿಗಳ ಇಷ್ಟು ಮೊಹರುಗಳಲ್ಲಿ ಒಬ್ಬರಿಗೂ ತಲೆಯೆತ್ತಿ ಮೇಲೆ ನೋಡುವ ಪುರಸೊತ್ತಿಲ್ಲ.

ಮಾಳಿಗೆಯ ಮೇಲೆ ಕಬ್ಬಿಣದ ಸರಳು ಎತ್ತಿದ ಗಾರೆ ಕೆಲಸದವನಿಗೋ, ಬಟ್ಟೆ ಒಣಹಾಕಲು ಹೋದ ಹೆಣ್ಣುಮಗಳಿಗೋ, ಗಾಳಿಪಟ ಬಿಡಿಸಿಕೊಳ್ಳಲು ಕೋಲು ಚಾಚಿದ ಹುಡುಗನಿಗೋ ಏನಾಗುತ್ತದೆ ಎಂಬುದನ್ನು ಪತ್ರಿಕೆಯ ಒಳಪುಟದ ನಾಲ್ಕು ಸಾಲುಗಳಲ್ಲಿ ನಾವೆಲ್ಲ ಓದಿದ್ದೇವೆ; ಓದಿ ಓದಿ ಸಾಕಾಗಿದೆ. ಆಗ ಪುರಸಭೆಯವರು ಮನೆಗಿಂತ ಮೊದಲೇ ತಂತಿಯಿತ್ತು ಎನ್ನುತ್ತಾರೆ, ವಿದ್ಯುತ್ ಕಂಪನಿಯವರು ತಂತಿಯ ಕೆಳಗೆ ಕಟ್ಟಲು ಅನುಮತಿ ಕೊಟ್ಟವರನ್ನು ಕೇಳಿ ಎನ್ನುತ್ತಾರೆ, ಲೇಔಟ್ ಮಾಡಿದವರ ಫೋನು ವ್ಯಾಪ್ತಿ ಪ್ರದೇಶದ ಹೊರಗಿರುತ್ತದೆ. ಕೊನೆಗೆ ನೋಟಿಸು ಹೋಗುವುದು ಸತ್ತವನ ಮನೆಗೆ. ಇದನ್ನು ವಿಡಂಬನೆಯಾಗಿ ಬರೆಯುವ ವಿಧಾನ ನನಗೆ ಗೊತ್ತಿಲ್ಲ.

ಕರಪತ್ರದ ಏಜೆಂಟರಿಗೆ ಇನ್ನೊಮ್ಮೆ ಫೋನ್ ಮಾಡಿ, ನಿವೇಶನಗಳ ಮೇಲೆ ಹಾಯುವ ತಂತಿಯ ಗತಿಯೇನು ಎಂದು ಕೇಳಿದೆ. “ಅದು ಶಿಫ್ಟ್ ಆಗ್ತೈತ್ರಿ ಸರ, ಎಸ್ಟಿಮೇಟ್ ಹಾಕಿಸಿ ರೊಕ್ಕ ಕಟ್ಟಿದ್ರ ಆತು” ಎಂದರು. ರೊಕ್ಕ ಕಟ್ಟುವವರು ಯಾರು ಎಂದದ್ದಕ್ಕೆ, “ಸೈಟ್ ಯಾರ ಹೆಸರಿಗೆ ಇರ್ತೈತೋ ಅವರ್ರಿ” ಎಂಬ ಉತ್ತರ ಬಂತು.